ಕಡಲೆಯ ಒಣ ಬೇರು ಕೊಳೆ: ಹೊಲದಿಂದ ಹೊಲಕ್ಕೆ ಹರಡುವ ಬಗೆ

ಹಿಂಗಾರಿನಲ್ಲಿ ಕಡಲೆ ಹೂ ಬಿಟ್ಟು ಕಾಯಿ ಕಟ್ಟುವ ವೇಳೆಗೆ, ಎರೆ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡವು ಒಣಹುಲ್ಲಿನ ಬಣ್ಣಕ್ಕೆ ತಿರುಗಿ ನಿಂತಲ್ಲಿಯೇ ಸಾಯುವುದುಂಟು. ಕರ್ನಾಟಕದ ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲಿಯೂ ನೆರೆಯ ಮಹಾರಾಷ್ಟ್ರ, ತೆಲಂಗಾಣಗಳಲ್ಲಿಯೂ ಕಾಣುವ ಈ ರೋಗಕ್ಕೆ ಒಣ ಬೇರು ಕೊಳೆ ಎಂದು ಹೆಸರು. ಮಣ್ಣಿನಲ್ಲಿ ವಾಸಿಸುವ ಮ್ಯಾಕ್ರೊಫೊಮಿನಾ ಫೇಸಿಯೊಲಿನಾ ಎಂಬ ಶಿಲೀಂಧ್ರವು ಇದಕ್ಕೆ ಕಾರಣ.

ಅನೇಕರು ಇದನ್ನು ಸೊರಗು ರೋಗವೆಂದೇ ಎಣಿಸುತ್ತಾರೆ. ಆದರೆ ಎರಡಕ್ಕೂ ಕಾರಣವಾದ ಶಿಲೀಂಧ್ರಗಳು ಬೇರೆ. ಸೊರಗನ್ನು ತಡೆಯುವ ತಳಿಯು ಬೇರು ಕೊಳೆಯನ್ನೂ ತಡೆಯುವುದೆಂಬ ಭರವಸೆ ಇಲ್ಲ. ಗಿಡವನ್ನು ಕಿತ್ತು ನೋಡಿದರೆ ವ್ಯತ್ಯಾಸವು ತಿಳಿಯುತ್ತದೆ. ಸೊರಗು ರೋಗದಲ್ಲಿ ಬೇರು ಹೊರನೋಟಕ್ಕೆ ಚೆನ್ನಾಗಿದ್ದು, ಸೀಳಿದಾಗ ಒಳಗೆ ಕಂದು ಗೆರೆ ಕಾಣುತ್ತದೆ. ಒಣ ಬೇರು ಕೊಳೆಯಲ್ಲಾದರೋ ತಾಯಿಬೇರು ಕಪ್ಪಾಗಿ, ಕವಲು ಬೇರುಗಳನ್ನೆಲ್ಲ ಕಳೆದುಕೊಂಡು, ಕೀಳುವಾಗಲೇ ಲಟಕ್ಕನೆ ಮುರಿಯುತ್ತದೆ. ತುದಿಯು ಮಣ್ಣಿನಲ್ಲಿಯೇ ಉಳಿಯುತ್ತದೆ.

ಹಾಗೆ ಉಳಿದ ತುದಿಯೇ ಮುಂದಿನ ಹಾನಿಗೆ ಮೂಲ. ಅದರ ತೊಗಟೆಯ ಅಡಿಯಲ್ಲಿ ಇದ್ದಿಲ ಪುಡಿಯಂತಹ ಸಣ್ಣ ಕಪ್ಪು ಕಣಗಳಿರುತ್ತವೆ. ಸ್ಕ್ಲೀರೋಷಿಯಾ ಎಂದು ಕರೆಯಲಾಗುವ ಈ ಗಟ್ಟಿ ಕಣಗಳು ಬೇರು ಕೊಳೆತ ಬಳಿಕ ಮಣ್ಣಿಗೆ ಸೇರಿ, ಬೆಳೆ ಇಲ್ಲದೆಯೂ ಹಲವು ವರ್ಷ ಬದುಕಬಲ್ಲವು. ಬೇರು ಸಮೀಪಿಸಿದಾಗ ಮೊಳೆತು ಒಳಹೊಗುತ್ತವೆ. ಮಣ್ಣಿನ ತೇವವು ಆರಿ ಉಷ್ಣತೆಯು 30 ಡಿಗ್ರಿ ಸೆಲ್ಸಿಯಸ್ ಮೀರಿದರೆ ರೋಗವು ಉಲ್ಬಣಿಸುತ್ತದೆ.

ಇದು ಮುಖ್ಯವಾಗಿ ಗಾಳಿಯಿಂದ ಹಬ್ಬುವ ರೋಗವಲ್ಲ. ಮಣ್ಣು ಹೋದೆಡೆಗೆ ಹೋಗುತ್ತದೆ. ನೇಗಿಲು ಕುಂಟೆಗಳಿಗೆ ಅಂಟಿದ ಹೆಂಟೆ, ಬಾಡಿಗೆ ಟ್ರ್ಯಾಕ್ಟರಿನ ಗಾಲಿ, ಒಡ್ಡು ಒಡೆದು ಕೊಚ್ಚಿ ಬಂದ ಮಣ್ಣು, ಸರಿಯಾಗಿ ಕೊಳೆಯದೆ ತಿಪ್ಪೆಯಿಂದ ಹೊಲ ಸೇರಿದ ಕಣದ ಕಸ, ಇವೆಲ್ಲ ಅದರ ವಾಹನಗಳು.

ಬೆಳೆ ಬದಲಾಯಿಸಿರೆಂಬ ಎಂದಿನ ಸಲಹೆಯು ಇಲ್ಲಿ ಸುಲಭವಾಗಿ ಫಲಿಸದು. ಜೋಳ, ಸೋಯಾ ಅವರೆ, ಸೂರ್ಯಕಾಂತಿ, ಎಳ್ಳು ಸೇರಿದಂತೆ ಸುಮಾರು 500 ಜಾತಿಯ ಸಸ್ಯಗಳಿಗೆ ಈ ಶಿಲೀಂಧ್ರವು ತಗಲುತ್ತದೆ. ಜೋಳದ ನಂತರ ಕಡಲೆ ಬಿತ್ತುವವರು ಅದಕ್ಕೆ ಊಟ ಬದಲಿಸುತ್ತಾರೆಯೇ ಹೊರತು ಉಪವಾಸ ಹಾಕುವುದಿಲ್ಲ!

ಆದುದರಿಂದ ಬಿತ್ತನೆಗೆ ಮುನ್ನವೇ ಎಚ್ಚರ ವಹಿಸುವುದು ಅವಶ್ಯ. ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಬೇಕು. ಸಕಾಲದಲ್ಲಿ ಬಿತ್ತಿದರೆ ಕೊನೆಯ ಹಂತದ ಬಿಸಿಲಿನಿಂದ ಬೆಳೆ ಪಾರಾಗಬಹುದು. ನೀರಿನ ಅನುಕೂಲವಿದ್ದಲ್ಲಿ ಹೂ ಬಿಡುವ ಮುನ್ನ ಒಮ್ಮೆ ನೀರುಣಿಸಬಹುದು. ಒಣಗಿದ ಗಿಡಗಳನ್ನು ಬೇರಿನ ತುದಿಸಹಿತ ಅಗೆದು ಸುಡಬೇಕು. ರೋಗ ಕಂಡ ಹೊಲದ ಉಳುಮೆಯನ್ನು ಕೊನೆಗೆ ಇಟ್ಟುಕೊಂಡು, ಹೊರಡುವ ಮುನ್ನ ಉಪಕರಣಗಳ ಮಣ್ಣನ್ನು ಅಲ್ಲಿಯೇ ಕೆರೆದು ತೆಗೆಯತಕ್ಕದ್ದು.