ಗಾಜಿನ ತೊಟ್ಟಿಗೆ ಕರೆಯದೆ ಬಂದ ಬಸವನ ಹುಳುಗಳು

ತರಗತಿ: 8
ವಿಷಯ: ವಿಜ್ಞಾನ
ಅವಧಿ: 40 ನಿಮಿಷ
ಕಲಿಕೋಪಕರಣಗಳು: ಗಾಜಿನ ಬಾಟಲಿ, ಕೈಮಸೂರ, ಚಮಚ, ಖಾಲಿ ಚಿಪ್ಪುಗಳು

ಸಂಗೊಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಪಾಠಕ್ಕೆ ಹೋಗಿದ್ದಾಗ, ದ್ಯುತಿಸಂಶ್ಲೇಷಣೆಯ ಪ್ರಯೋಗಕ್ಕೆಂದು ಹೊಂಡದಿಂದ ಹೈಡ್ರಿಲ್ಲ ತಂದಿದ್ದೆ. ಉಳಿದ ಗಿಡವನ್ನು ಶಾಲೆಯ ಮೀನಿನ ತೊಟ್ಟಿಗೆ ಹಾಕಿದೆ. ಕೆಲವು ದಿನಗಳಲ್ಲಿ ಗಾಜಿನ ಮೇಲೆ ಲೋಳೆಯಂಥ ಮೊಟ್ಟೆಯ ಗುಂಪುಗಳು, ಆಮೇಲೆ ಸಾಸಿವೆ ಗಾತ್ರದ ಬಸವನ ಹುಳುಗಳು ಕಾಣಿಸಿದವು. ಅದನ್ನೇ ಪಾಠವಾಗಿಸಿದೆ.

ಮೊದಲ ಪಾಠ

ಚಿತ್ರಪಟ ತೂಗುಹಾಕಿ ಹೆಸರು ಹೇಳಿ, ಹೋಲಿಸಿ ನೋಡಿ ಎಂದೆ. ಮಕ್ಕಳು ಬಣ್ಣ, ಗಾತ್ರ ನೋಡಿ ಹೆಸರಿಟ್ಟರು. ಪಾಚಿ ಹತ್ತಿದ ಚಿಪ್ಪಿನ ಬಣ್ಣ ಬದಲಾಗುತ್ತದೆ. ಚಿಕ್ಕದು ಯಾವ ಜಾತಿಯ ಮರಿಯೂ ಆಗಿರಬಹುದು. ಅಷ್ಟರಲ್ಲಿ ಒಬ್ಬ ಹುಡುಗ ಎದ್ದು ಕೇಳಿದ: “ಸರ್, ನಮ್ಮ ಎತ್ತಿಗೆ ಗೊರಕಿ ರೋಗ ಬಂದಿತ್ರಿ. ಡಾಕ್ಟರು ನೀರಿನ ಬಸವನ ಹುಳದಿಂದ ಬರ್ತೈತಿ ಅಂದ್ರು. ಅದು ಇದ ಏನ್ರಿ?” ಊಹಿಸಿ ಉತ್ತರಿಸುವ ವಿಷಯವಲ್ಲ. ನಾಳೆ ನೋಡಿ ಹೇಳೋಣ ಎಂದೆ.

ಎರಡನೆಯ ಪಾಠ

ಹೆಸರು ಕೊನೆಗೆ, ಪ್ರಶ್ನೆ ಮೊದಲು ಎಂದು ಕ್ರಮ ಬದಲಿಸಿದೆ.

1. ಹುಳು ಒಳಗೆ ಸರಿದಾಗ ಬಾಯಿಗೆ ಮುಚ್ಚಳ ಬೀಳುತ್ತದೆಯೇ? ಬಿದ್ದರೆ, ದುಂಡಗಿನ ದೊಡ್ಡ ಚಿಪ್ಪಿನದು ಬೆಲ್ಲಾಮಿಯ, ಉದ್ದ ಮೊನಚಿನದು ಮೆಲನಾಯ್ಡಿಸ್. ಇವೆರಡೂ ಮರಿಗಳನ್ನೇ ಹಾಕುತ್ತವೆ. ಗಾಜಿನ ಮೇಲಿನ ಮೊಟ್ಟೆ ಇವುಗಳದ್ದಲ್ಲ.
2. ಮುಚ್ಚಳವಿಲ್ಲದಿದ್ದರೆ, ಚಿಪ್ಪು ಸಿಂಬೆಯಂತೆ ಚಪ್ಪಟೆಯಾಗಿ ಸುತ್ತಿದೆಯೇ? ಹಾಗಿದ್ದರೆ ಇಂಡೋಪ್ಲಾನಾರ್ಬಿಸ್.
3. ಮೊನೆಯಿದ್ದರೆ, ಬಾಯಿ ಯಾವ ಕಡೆ? ಬಲಕ್ಕಿದ್ದು ಮೀಸೆಗಳು ಅಗಲ ತ್ರಿಕೋನವಾಗಿದ್ದರೆ ಲಿಮ್ನಿಯ. ಎಡಕ್ಕಿದ್ದು ಮೀಸೆಗಳು ದಾರದಂತಿದ್ದರೆ ಫೈಸ. ಫೈಸ ಉತ್ತರ ಅಮೆರಿಕದ ಮೂಲದ್ದು. ಅಕ್ವೇರಿಯಂ ಗಿಡಗಳೊಡನೆ ಜಗತ್ತಿನ ಹಲವೆಡೆ ಹರಡಿದೆ.

ಮೂರನೆಯ ಪ್ರಶ್ನೆಯಲ್ಲಿ ಮತ್ತೆ ಎಡವಿದೆ. ಚಿಪ್ಪಿನ ಬಾಯಿ ನನ್ನ ಕಡೆ ಹಿಡಿದು “ಬಲಕ್ಕಿದೆ” ಎಂದೆ; ಎದುರು ಕುಳಿತವರಿಗೆ ಆ ಬದಿ ಎಡಕ್ಕಿತ್ತು. ಒಬ್ಬ ಹುಡುಗಿ ತಪ್ಪು ಹಿಡಿದಳು. ಆಮೇಲೆ ಪ್ರತಿ ಗುಂಪಿಗೂ ತೊಳೆದ ಖಾಲಿ ಚಿಪ್ಪು ಕೊಟ್ಟು, ಮೊನೆ ಮೇಲೆ, ಬಾಯಿ ತಮ್ಮ ಕಡೆ ಇರುವಂತೆ ಹಿಡಿಯಲು ಹೇಳಿದೆ. ಗೊಂದಲ ಅಲ್ಲಿಗೇ ಮುಗಿಯಿತು.

ಹುಡುಗನ ಪ್ರಶ್ನೆಗೆ ಉತ್ತರ

ತೊಟ್ಟಿಯಲ್ಲಿ ಲಿಮ್ನಿಯ ಹೆಚ್ಚಿದ್ದವು, ಚಪ್ಪಟೆಯವು ಎರಡು ಸಿಕ್ಕವು. ಗೊರಕೆ ರೋಗದ ಪರಾವಲಂಬಿ ಬೆಳೆಯುವುದು ಈ ಚಪ್ಪಟೆ ಹುಳುವಿನಲ್ಲಿ. ರೋಗವಿರುವ ದನದ ಸಿಂಬಳದಿಂದ ಮೊಟ್ಟೆ ನೀರಿಗೆ ಸೇರುತ್ತದೆ. ಮರಿ ಬಸವನ ಹುಳುವಿನೊಳಗೆ ಬೆಳೆದು, ಹೊರಬಂದು, ನೀರಿಗಿಳಿದ ದನದ ಚರ್ಮ ಕೊರೆದು ಒಳಹೋಗುತ್ತದೆ. ಲಿಮ್ನಿಯ ದನ, ಎಮ್ಮೆ, ಕುರಿಗಳ ಯಕೃತ್ತಿನ ಚಪ್ಪಟೆ ಹುಳುವಿಗೆ ಆಸರೆ. ಆದರೆ ಚಿಪ್ಪು ನೋಡಿ ಕುಲ ಹೇಳಬಹುದೇ ಹೊರತು, ಈ ಹುಳುವಿನಲ್ಲಿ ಪರಾವಲಂಬಿ ಇದೆಯೇ ಎಂದು ಹೇಳಲಾಗದು. ಇದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಲೇಬೇಕು. “ಹಂಗಾದ್ರ ಎತ್ತಿಗೆ ಹೊಂಡಕ್ಕ ಇಳಿಸೂದು ಬ್ಯಾಡ, ಬಾನಿಯಾಗ ನೀರ ಕುಡಸೋದು ಚಲೋ” ಎಂದು ಹುಡುಗನೇ ತೀರ್ಮಾನಿಸಿದ. ಉಳಿದದ್ದನ್ನು ಪಶುವೈದ್ಯರನ್ನು ಕೇಳಲು ಹೇಳಿದೆ.

ಸಹಪ್ರಶಿಕ್ಷಣಾರ್ಥಿಗಳಿಗೆ

ಜೀವಂತ ಹುಳುಗಳನ್ನು ಬಾಟಲಿಯಲ್ಲೇ ತೋರಿಸಿ. ಎತ್ತಲು ಚಮಚ ಬಳಸಿ. ಹೊಂಡದ ನೀರಿಗೂ ಬರಿಗೈ ಹಾಕಿಸಬೇಡಿ. ಕೊನೆಗೆ ಸೋಪಿನಿಂದ ಕೈ ತೊಳೆಸಿ. ಹೊಸ ಗಿಡವನ್ನು ಕೆಲದಿನ ಬೇರೆ ಪಾತ್ರೆಯಲ್ಲಿಟ್ಟು, ಎಲೆಯ ಅಡಿಯ ಮೊಟ್ಟೆ ನೋಡಿ ತೊಟ್ಟಿಗೆ ಬಿಡಿ. ತೊಟ್ಟಿಯ ನೀರು, ಗಿಡ, ಹುಳುಗಳನ್ನು ಹಳ್ಳಕ್ಕಾಗಲಿ ಮಲಪ್ರಭೆಗಾಗಲಿ ಚೆಲ್ಲಬೇಡಿ. ಮೌಲ್ಯಮಾಪನದಲ್ಲಿ ಹೆಸರಿಗೆ ಒಂದು ಅಂಕ, ಗುರುತಿಸಿದ ಕಾರಣಕ್ಕೆ ಎರಡು ಅಂಕ ಕೊಡಿ.