ಹಲಗೆಯಿಂದ ಅಳಿಸಿದ ಸಾಲು

ಹೊಳಲಿನ ಎಂಟನೇ ತರಗತಿಗೆ ನಾನು ಮಾಡಿದ ಅಭ್ಯಾಸ ಪಾಠ ‘ಸ್ನಾಯು ಮತ್ತು ಚಲನೆ’. ಕೊನೆಗೆ ಕಪ್ಪುಹಲಗೆಯ ಸಾರಾಂಶದಲ್ಲಿ ‘ವಯಸ್ಸಾದವರಿಗೆ ವಿಶ್ರಾಂತಿ ಬೇಕು’ ಎಂದು ಬರೆದೆ. ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು: “ಸರ್, ನಮ್ಮಜ್ಜಿ ಮಲ್ಲಿಗಿ ಬಿಡಸಾಕ ತೋಟಕ್ಕ ಹೋಗ್ತಿದ್ಲು. ವಯಸ್ಸಾತು, ಬ್ಯಾಡ ಅಂದ್ವಿ. ಈಗ ಏಳಾಕೂ ಕೈ ಹಿಡೀಬೇಕು. ಯಾಕ್ರಿ ಸರ್?”

ಉತ್ತರ ನನ್ನ ಪಾಠದಲ್ಲೇ ಇತ್ತು, ನಾನೇ ನೋಡಿರಲಿಲ್ಲ. ಮೀನಖಂಡದ ಸ್ನಾಯು ಸಂಕುಚಿಸಿದಾಗ ಕಾಲಿನ ರಕ್ತ ಹೃದಯದತ್ತ ಏರುತ್ತದೆ. ದಿನವಿಡೀ ಕುಳಿತರೆ ಆ ಪಂಪು ಸುಮ್ಮನಾಗುತ್ತದೆ, ತೊಡೆಯ ಬಲ ಸೊರಗುತ್ತದೆ. ಬೀಳುವ ಭಯಕ್ಕೆ ಮತ್ತಷ್ಟು ಕೂರುತ್ತಾರೆ. 65 ದಾಟಿದವರಿಗೂ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಮೂರು ದಿನವಾದರೂ ಸಮತೋಲನದ ಅಭ್ಯಾಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಮಂಡಿನೋವಿದ್ದರೆ ಮೊದಲು ವೈದ್ಯರಿಗೆ ತೋರಿಸಿ ಎಂದೂ ಸೇರಿಸಿದೆ.

ಸಾಲು ಅಳಿಸಿದೆ. ಮನೆಯ ಹಿರಿಯರು ಒಂದೇ ಸಮನೆ ಎಷ್ಟು ಹೊತ್ತು ಕೂರುತ್ತಾರೆಂದು ಗಡಿಯಾರ ನೋಡಿ ಬರೆಯುವುದು ಮನೆಗೆಲಸ. (ದೂರಿನ ಪಟ್ಟಿಯಾಗದಿರಲೆಂದು ಹೆಸರು ಬರೆಸಲಿಲ್ಲ.) ಕೋಷ್ಟಕದಲ್ಲಿ ಒಂದು ಅಂಕಣ ಕಡಿಮೆಯಿತ್ತು: ಕೂರಿಸಿದವರು ಯಾರು? ನೀರಿನ ಲೋಟವನ್ನೂ ಕೂತಲ್ಲಿಗೇ ಕೊಡುವವರು ನಾವೇ.

ಮರುದಿನ ಆಕೆಯ ಹಾಳೆಯಲ್ಲಿ ಅಂಕಿಗಳ ಕೆಳಗೆ ಒಂದು ಸಾಲಿತ್ತು: ‘ಸಂಜೆ ಅಜ್ಜಿ ಕಟ್ಟೆಯವರೆಗೆ ನಡೆದಳು. ಎರಡು ಸಲ ನಿಂತಳು.’