ಜನರೇಟರ್ ಕೊಳ್ಳುವ ಮುನ್ನ ಮೋಟಾರಿನ ಮೇಲಿನ ಪಟ್ಟಿ ಓದಿರಿ



ನಮ್ಮ ಜಿಲ್ಲೆಯ ಕೂಡಗಿಯಲ್ಲೇ 2,400 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವಿದೆ. ಆದರೂ ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ ಒಂದು ಕಂಬ ವಾಲಿದರೆ ಸಾಕು, ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ ಸರಿಯಾಗಿ ಹಾಲು ಹಿಂಡುವ ಹೊತ್ತಿಗೆ ಕರೆಂಟ್ ಇರುವುದಿಲ್ಲ. ಕೈಯಿಂದ ಹಿಂಡುವ ಮನೆಯಲ್ಲಿ ಇದರಿಂದ ಕತ್ತಲೆಯ ತೊಂದರೆ ಮಾತ್ರ. ಯಂತ್ರದಿಂದ ಹಿಂಡುವ ಮನೆಯಲ್ಲಿ ಮಾತ್ರ ವಿಷಯ ಬೇರೆ. ಆಕಳು ಸೊರೆ ಬಿಟ್ಟ ಮೇಲೆ ಹಾಲು ಇಳಿಸುವ ಹಾರ್ಮೋನಿನ ಪ್ರಭಾವ ಐದರಿಂದ ಎಂಟು ನಿಮಿಷ ಮಾತ್ರ ಇರುತ್ತದೆ. ನಡುವೆ ಯಂತ್ರ ನಿಂತರೆ ಉಳಿದ ಹಾಲು ಕೆಚ್ಚಲಲ್ಲೇ ನಿಲ್ಲುತ್ತದೆ. ಹೀಗೆ ಮೇಲಿಂದ ಮೇಲೆ ಆದರೆ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಆದ್ದರಿಂದ ಯಂತ್ರವಿದ್ದ ಮನೆಯಲ್ಲೂ ಕೈಯಿಂದ ಹಿಂಡುವ ರೂಢಿ ಬಿಡಬೇಡಿ. ಕರೆಂಟ್ ಹೋದ ಕೂಡಲೇ ಕಪ್‌ಗಳನ್ನು ತೆಗೆದು ಉಳಿದದ್ದನ್ನು ಕೈಯಿಂದಲೇ ಮುಗಿಸಿ. ಜನರೇಟರ್ ಇದ್ದರೂ ಅದನ್ನು ಚಾಲೂ ಮಾಡುವುದರೊಳಗೆ ಐದು ನಿಮಿಷ ಹೋಗಿರುತ್ತದೆ.

ಈಗ ಜನರೇಟರಿನ ಮಾತು. ವಿಜಯಪುರದ ಸ್ಟೇಷನ್ ರಸ್ತೆಯಲ್ಲಾಗಲಿ, ಮತ್ತೆಲ್ಲಿಯಾಗಲಿ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಮನೆಯಲ್ಲೇ ಒಂದು ಲೆಕ್ಕ ಬರೆದುಕೊಳ್ಳಿ. ಪ್ರತಿ ಸಾಧನದ ಮೇಲೂ ಅದರ ವ್ಯಾಟ್ ಬರೆದಿರುತ್ತದೆ. ಮೋಟಾರುಗಳಿಗೆ ಎಚ್‌ಪಿ ಬರೆದ ತಗಡಿನ ಪಟ್ಟಿ ಇರುತ್ತದೆ. 1 ಎಚ್‌ಪಿ ಅಂದರೆ 746 ವ್ಯಾಟ್. ಅದು ಮೋಟಾರು ಕೊಡುವ ಶಕ್ತಿ. ಅಷ್ಟು ಕೊಡಲು ಅದು ಎಳೆದುಕೊಳ್ಳುವುದು ಸುಮಾರು 1,000 ವ್ಯಾಟ್. ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ನಿಂತ ಮೋಟಾರು ತಿರುಗಲು ಶುರುಮಾಡುವ ಆ ಕ್ಷಣದಲ್ಲಿ ಮೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕೇಳುತ್ತದೆ. ತುಂಬಿದ ಬಂಡಿಯನ್ನು ನಿಂತಲ್ಲಿಂದ ಎಳೆಯುವಾಗ ಎತ್ತುಗಳು ಮೊಣಕಾಲೂರುವುದಿಲ್ಲವೇ, ಹಾಗೆ. ಹೆಚ್ಚಿನವರು ಮೋಸ ಹೋಗುವುದು ಇಲ್ಲಿಯೇ. ಬಲ್ಬು, ಫ್ಯಾನು ಚೆನ್ನಾಗಿ ನಡೆಸಿದ ಜನರೇಟರ್, ಹಿಂಡುವ ಯಂತ್ರದ ಗುಂಡಿ ಒತ್ತಿದೊಡನೆ ಗುರುಗುಟ್ಟಿ ನಿಲ್ಲುತ್ತದೆ.

ಒಂದು ಮನೆಯ ಲೆಕ್ಕ ನೋಡೋಣ. 9 ವ್ಯಾಟಿನ ಐದು ಎಲ್‌ಇಡಿ ಬಲ್ಬು, 45 ವ್ಯಾಟ್. ಎರಡು ಫ್ಯಾನು, 150. ಫ್ರಿಜ್ ನಡೆಯುವಾಗ ಸುಮಾರು 150. ಒಂದು ಎಚ್‌ಪಿಯ ಹಿಂಡುವ ಯಂತ್ರ, 1,000. ಎಲ್ಲ ಸೇರಿ 1,345 ವ್ಯಾಟ್. ಇದನ್ನು ನೋಡಿ 2 ಕೆವಿಎ ಸಾಕು ಅಂತ ಅಂಗಡಿಯವರು ಹೇಳಿಯಾರು. ಆದರೆ ಯಂತ್ರ ಶುರುವಾಗುವಾಗ ಅದೊಂದಕ್ಕೇ 3,000 ವ್ಯಾಟ್ ಬೇಕು. ಮೊದಲು ಯಂತ್ರ ಚಾಲೂ ಮಾಡಿ, ಅದು ಸರಿಯಾಗಿ ತಿರುಗಿದ ಮೇಲೆ ಬಲ್ಬು, ಫ್ಯಾನು, ಕೊನೆಗೆ ಫ್ರಿಜ್ ಹಾಕುವ ಶಿಸ್ತು ಇದ್ದರೆ ನಿರಂತರ 3 ಕಿಲೋವ್ಯಾಟ್‌ಗಿಂತ ತುಸು ಹೆಚ್ಚು ಕೊಡುವ ಜನರೇಟರ್ ಸಾಕಾಗುತ್ತದೆ. ಕೆವಿಎ ಬೇರೆ, ಕಿಲೋವ್ಯಾಟ್ ಬೇರೆ: ಕೆವಿಎ ಅಂಕಿಯನ್ನು 0.8 ರಿಂದ ಗುಣಿಸಿ ನೋಡಿ. 4 ಕೆವಿಎ ಅಂದರೆ 3.2 ಕಿಲೋವ್ಯಾಟ್. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ 'ಮ್ಯಾಕ್ಸಿಮಮ್' ಅಂಕಿ ಕೆಲವೇ ಹೊತ್ತಿಗೆ ಕೊಡುವ ಶಕ್ತಿ. ಅದರ ಪಕ್ಕದ ಸಣ್ಣ ಅಕ್ಷರದ 'ರೇಟೆಡ್' ಅಂಕಿಯೇ ನಿಮ್ಮದು.

ನೀರಿನ ಮೋಟಾರನ್ನು ಹಿಂಡುವ ಯಂತ್ರದ ಜೊತೆ ನಡೆಸಬೇಡಿ. ಹಿಂಡಿ ಮುಗಿಸಿ, ಆಮೇಲೆ ನೀರು. ಮೇವು ಕತ್ತರಿಸುವ 2 ಎಚ್‌ಪಿ ಯಂತ್ರಕ್ಕಾಗಿ ದೊಡ್ಡ ಜನರೇಟರ್ ಕೊಳ್ಳುವುದಂತೂ ನನ್ನ ಮಟ್ಟಿಗೆ ದುಡ್ಡು ಕಳೆದಂತೆ. ಅದು ಶುರುವಾಗಲು 6,000 ವ್ಯಾಟ್ ಕೇಳುತ್ತದೆ. ಒಣ ಕಣಕಿ ಕೆಡುವ ವಸ್ತುವಲ್ಲ, ಕರೆಂಟ್ ಇದ್ದಾಗ ಎರಡು ದಿನಕ್ಕಾಗುವಷ್ಟು ಕತ್ತರಿಸಿ ಚೀಲದಲ್ಲಿಡಿ. ಯಂತ್ರ ಮೂರು ಫೇಸಿನದಾದರೆ ಮನೆಯ ಸಣ್ಣ ಜನರೇಟರಿನಿಂದ ಅದು ತಿರುಗುವುದೇ ಇಲ್ಲ.

ಒಂದೆರಡು ಎಮ್ಮೆ ಇದ್ದು ಕೈಯಿಂದಲೇ ಹಿಂಡುವವರಿಗೆ ಜನರೇಟರ್ ಬೇಡವೇ ಬೇಡ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಮೇಲೆ ಹೇಳಿದ ಬಲ್ಬು, ಫ್ಯಾನುಗಳನ್ನು ಐದಾರು ತಾಸು ನಡೆಸುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಪೆಟ್ರೋಲ್ ಜನರೇಟರ್ ತುಂಬಿದ ಭಾರದಲ್ಲಿ ತಾಸಿಗೆ ಒಂದು ಲೀಟರಿನ ಮೇಲೆಯೇ ಕುಡಿಯುತ್ತದೆ. ಲೀಟರಿಗೆ ನೂರು ರೂಪಾಯಿ ಹಿಡಿದರೂ ಅದು ಸುಮಾರು ಮೂರು ಲೀಟರ್ ಆಕಳ ಹಾಲಿನ ದುಡ್ಡು. ಫ್ರಿಜ್ ತಂಪಾಗಿರಲೆಂದು ರಾತ್ರಿಯೆಲ್ಲ ನಡೆಸುವ ಸಾಧನ ಅದಲ್ಲ. ಹಿಂಡಿದ ಹಾಲನ್ನು ತಣ್ಣಗಿಡಲು ಜನರೇಟರ್ ಬೇಕು ಅನ್ನುವವರೂ ಇದ್ದಾರೆ. ಸೋಸಿದ ಹಾಲನ್ನು ಬೇಗನೆ ಡೇರಿಗೆ ಮುಟ್ಟಿಸುವುದೇ ಅದಕ್ಕಿಂತ ಅಗ್ಗದ ದಾರಿ. 4 ಡಿಗ್ರಿಗೆ ತಣಿಸುವ ಕೆಲಸ ಬಲ್ಕ್ ಕೂಲರಿನದು.

ಎಲ್ಲಿಡಬೇಕು ಅನ್ನುವುದು ಯಾವುದು ಕೊಳ್ಳಬೇಕು ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ದನ ಕಟ್ಟುವ ಜಾಗ ಮನೆಯೊಳಗೇ, ಪಡಸಾಲೆಗೆ ಹತ್ತಿಕೊಂಡೇ ಇರುತ್ತದೆ. ಮಳೆ ಬರುತ್ತಿದೆ, ಕಳ್ಳರ ಭಯವಿದೆ ಎಂದು ಜನರೇಟರನ್ನು ಒಳಗೆ ತಂದು ನಡೆಸಿದರೆ ಅದರ ಹೊಗೆಯಲ್ಲಿನ ಕಾರ್ಬನ್ ಮೋನಾಕ್ಸೈಡ್ ಮನೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ವಾಂತಿ ಬಂದಂತಾಗುವುದು, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳುವುದಿಲ್ಲ. ಕಿಟಕಿ ತೆರೆದಿಟ್ಟರೆ ಸಾಲದು. ಮನೆಯಿಂದ, ಕೊಟ್ಟಿಗೆಯಿಂದ 20 ಅಡಿ ದೂರ, ಹೊಗೆಯ ಬಾಯಿ ಆಚೆ ಮುಖವಾಗಿ, ಮೇಲೆ ತಗಡಿನ ನೆರಳು, ಸುತ್ತಲೂ ಗಾಳಿ. ಕಣಕಿಯ ಬಣವಿಯ ಹತ್ತಿರವಂತೂ ಬೇಡ. ಪೆಟ್ರೋಲ್ ಹಾಕುವಾಗ ನಿಲ್ಲಿಸಿ, ಆರಿದ ಮೇಲೆಯೇ ಹಾಕಿ.

ಜನರೇಟರಿನ ವೈರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡುವ ಕೆಲವರ ಜಾಣತನ ಪ್ರಾಣ ತೆಗೆಯುವಂಥದ್ದು. ಆ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಏರಿ ಸಾವಿರಾರು ವೋಲ್ಟ್ ಆಗುತ್ತದೆ. ನೀವೇ 1912ಕ್ಕೆ ಫೋನ್ ಮಾಡಿ ಕರೆಸಿದ ಲೈನ್‌ಮನ್ ಆ ಹೊತ್ತಿಗೆ ಅದೇ ತಂತಿ ಹಿಡಿದಿರುತ್ತಾನೆ. ಲೈಸೆನ್ಸ್ ಇರುವ ವೈರ್‌ಮನ್‌ನಿಂದ ಫೇಸು, ನ್ಯೂಟ್ರಲ್ ಎರಡನ್ನೂ ಕಡಿದುಹಾಕುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಜೊತೆಗೆ ಕೊಟ್ಟಿಗೆಗೆ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸಹ. ನೀವು ಚಪ್ಪಲಿ ಹಾಕಿರುತ್ತೀರಿ, ಆಕಳು ನಾಲ್ಕೂ ಕಾಲನ್ನು ಹಸಿ ನೆಲದ ಮೇಲೆ ಊರಿ ನಿಂತಿರುತ್ತದೆ. ನಿಮಗೆ ತಿಳಿಯದಷ್ಟು ಕರೆಂಟ್ ಸೋರಿದರೂ ಅದಕ್ಕೆ ತಾಗುತ್ತದೆ. ಯಂತ್ರ ಕಂಡರೆ ಒದೆಯುವ ಆಕಳನ್ನು ಬೈಯುವ ಮೊದಲು ಅರ್ಥಿಂಗ್ ನೋಡಿಸಿ.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಹಿಂಡುವ ಯಂತ್ರದ ಮೋಟಾರನ್ನೇ ಒಯ್ದು ಅದರ ಮೇಲೆ ನಡೆಸಿ ತೋರಿಸಲು ಹೇಳಿ. ಹಗ್ಗ ಎಳೆದು ಚಾಲೂ ಮಾಡುವುದನ್ನು ಗಂಡಸರಿಗೆ ಬಿಡದೆ ನೀವೇ ಎಳೆದು ನೋಡಿ, ಬೆಳಗಿನ ಐದಕ್ಕೆ ಎಳೆಯುವವರು ನೀವೇ ತಾನೇ. ನಿಮ್ಮ ಕೈಗೆ ಬಗ್ಗದಿದ್ದರೆ ಬ್ಯಾಟರಿಯಿಂದ ಚಾಲೂ ಆಗುವುದನ್ನು ಕೇಳಿ. ರಿಪೇರಿ ಊರಲ್ಲೇ ಆಗುತ್ತದೆಯೋ, ಬಿಡಿಭಾಗ ಎಲ್ಲಿ ಸಿಗುತ್ತದೋ ಬರೆಸಿಕೊಳ್ಳಿ. ಹೊಸ ಎಂಜಿನ್ನಿನ ಆಯಿಲ್ ಮೊದಲು 20 ತಾಸಿಗೆ, ನಂತರ 100 ತಾಸಿಗೊಮ್ಮೆ ಬದಲಿಸಿ. ತಿಂಗಳಿಗೊಮ್ಮೆ ಹದಿನೈದು ನಿಮಿಷ ಭಾರ ಹಾಕಿ ನಡೆಸಿ. ಮಳೆಗಾಲ ಕಳೆದು ಎತ್ತಿಡುವಾಗ ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಯಿರಿ. ಇಲ್ಲದಿದ್ದರೆ ಅದು ಕಾರ್ಬೊರೇಟರಿನಲ್ಲಿ ಅಂಟಾಗಿ ಕೂತು, ಮುಂದಿನ ಅಡ್ಡಮಳೆಯ ದಿನ ಎಷ್ಟು ಎಳೆದರೂ ಎಂಜಿನ್ ಹತ್ತುವುದಿಲ್ಲ.